ಕನ್ನಂಬಾಡಿ: ಮುಳುಗಿದ ಊರು, ಅರಳಿದ ಬೃಂದಾವನ

ಮಳೆಗಾಲ ಬಂತೆಂದರೆ ದಿನಪತ್ರಿಕೆಗಳ ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಕಾಣಿಸಿಕೊಳ್ಳುತ್ತದೆ. ಜಲಾಶಯದ ಹೆಸರು, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಹಳೆ ಮೈಸೂರು ಸೀಮೆಯ ಓದುಗರಲ್ಲಿ ಬಹಳ ಮಂದಿ ಮೊದಲು ಕಣ್ಣಾಡಿಸುವುದು ಒಂದೇ ಸಾಲಿನ ಮೇಲೆ: ಕೃಷ್ಣರಾಜಸಾಗರ, 124.80 ಅಡಿ. ಮಂಡ್ಯದ ರೈತ ಅದನ್ನು ನೋಡಿ ಭತ್ತದ ಒಟ್ಟಲು ಹಾಕುವ ದಿನ ಗೊತ್ತುಮಾಡುತ್ತಾನೆ. ಬೆಂಗಳೂರಿನ ದಕ್ಷಿಣದಂಚಿನ ಉತ್ತರಹಳ್ಳಿಯಲ್ಲಿ ಕುಳಿತವರಿಗೂ ಆ ಸಾಲು ಪರಕೀಯವೇನಲ್ಲ. ಒಂದು ಕಾಲಕ್ಕೆ ಕೆರೆ ಬಾವಿಗಳನ್ನೇ ನಂಬಿಕೊಂಡಿದ್ದ ಆ ಹಳ್ಳಿ ಇಂದು ಮಹಾನಗರದೊಳಗೆ ಸೇರಿಹೋಗಿದೆ. ನಗರದ ನಲ್ಲಿಗೆ ಕಾವೇರಿ ನೀರು ಬರಲು ಆರಂಭವಾದದ್ದು 1974ರಲ್ಲಿ. ಅಲ್ಲಿಂದೀಚೆಗೆ ಬೇಸಗೆಯಲ್ಲಿ ಆ ನೀರಿಗೆ ಮುಖ್ಯ ಆಧಾರ ಇದೇ ಕಟ್ಟೆ.

ಆದರೆ ಈ ಲೇಖನ ನೀರಿನ ಲೆಕ್ಕದ್ದಲ್ಲ, ಆ ನೀರಿನ ದಡದಲ್ಲಿರುವ ಒಂದು ಸಣ್ಣ ಊರಿನದು. ಅದಕ್ಕೆ ಹೆಸರುಗಳು ಹಲವು. ಸರ್ಕಾರಿ ಕಡತದಲ್ಲಿ ಕೃಷ್ಣರಾಜಸಾಗರ. ಬಸ್ಸಿನ ಬೋರ್ಡಿನಲ್ಲಿ ಕೆ.ಆರ್.ಎಸ್. ಪ್ರವಾಸಕ್ಕೆ ಹೊರಟ ಶಾಲಾ ಮಕ್ಕಳ ಬಾಯಲ್ಲಿ ಬೃಂದಾವನ. ಮಂಡ್ಯ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹಳ್ಳಿಗರನ್ನು ಕೇಳಿ ನೋಡಿ, ಈ ಮೂರರಲ್ಲಿ ಒಂದನ್ನೂ ಹೇಳದೆ ‘ಕನ್ನಂಬಾಡಿ ಕಟ್ಟೆ’ ಎನ್ನುವವರು ಇಂದಿಗೂ ಸಿಗುತ್ತಾರೆ. 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ, ಮನುಷ್ಯನ ಛಲವನ್ನು ಕೊಂಡಾಡುವ ಹಾಡು ನೆನಪಿದೆಯಷ್ಟೆ? ಅಲ್ಲಿಯೂ ಬರುವುದು ಕನ್ನಂಬಾಡಿಯೇ. ಮಹಾರಾಜರ ಹೆಸರಿಟ್ಟು ತೊಂಬತ್ತು ವರ್ಷ ಮೀರಿದರೂ ಜನ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಸ್ವಾರಸ್ಯವೇನೆಂದರೆ, ಕನ್ನಂಬಾಡಿ ಎಂಬುದು ಈ ಕಟ್ಟೆ ಮುಳುಗಿಸಿದ ಊರಿನ ಹೆಸರು.

ನೀರಿನಡಿಯ ಊರು

ಕೊಡಗಿನಿಂದ ಇಳಿದು ಬರುವ ಕಾವೇರಿಗೆ ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೂಡುವ ಜಾಗದ ಕೆಳಗೆ, ನದಿಯ ಎಡದಂಡೆಯ ಕಡೆ ಇದ್ದ ಊರು ಕನ್ನಂಬಾಡಿ. ಕಣ್ವ ಋಷಿಗಳು ತಪಸ್ಸು ಮಾಡಿದ ಸ್ಥಳವಾದ್ದರಿಂದ ಈ ಹೆಸರು ಬಂತೆಂದು ಸ್ಥಳಪುರಾಣ. ಋಷಿಯ ಮಾತು ಹೇಗೇ ಇರಲಿ, ಊರಿನ ಪ್ರಾಚೀನತೆಗೆ ಕಲ್ಲಿನ ಸಾಕ್ಷಿಯಂತೂ ಇತ್ತು. ಹೊಯ್ಸಳರ ಕಾಲದಲ್ಲಿ ಕಟ್ಟಿದ ವೇಣುಗೋಪಾಲಸ್ವಾಮಿ ದೇವಾಲಯ, ಸುತ್ತಲೂ ಕಂಬಸಾಲಿನ ಪ್ರಾಕಾರವಿದ್ದ ದೊಡ್ಡ ಗುಡಿ. ಮೂರು ನದಿಗಳ ನೀರು, ಮೆಕ್ಕಲು ಮಣ್ಣು, ದೇವಸ್ಥಾನ, ಸಂತೆ ವ್ಯವಹಾರ. ಹಳ್ಳಿಯೊಂದು ನೆಮ್ಮದಿಯಾಗಿ ಬದುಕಲು ಬೇಕಾದದ್ದೆಲ್ಲ ಅಲ್ಲಿತ್ತು.

ಇಂಥ ಜಾಗದ ಮೇಲೆ ರಾಜ್ಯ ಕಟ್ಟುವವರ ಕಣ್ಣು ಬೀಳುವುದೂ ಸಹಜ. ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಟಿಪ್ಪು ಸುಲ್ತಾನನ ಪರ್ಷಿಯನ್ ಶಾಸನವೊಂದು ಸಿಕ್ಕಿತು. 1790ರ ದಶಕದ್ದಾದ ಆ ಶಾಸನ, ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದಕ್ಕೆ ತಳಹದಿ ಹಾಕಿದ ಸಂಗತಿಯನ್ನು ಹೇಳುತ್ತದೆ. ಅದರಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಆ ನೀರಿನಿಂದ ಬೀಳುಭೂಮಿಯನ್ನು ಸಾಗುವಳಿಗೆ ತಂದವರಿಂದ ವಾಡಿಕೆಯ ಕಂದಾಯದ ಮುಕ್ಕಾಲು ಪಾಲನ್ನು ಮಾತ್ರ ವಸೂಲು ಮಾಡಬೇಕು, ಕಾಲು ಭಾಗವನ್ನು ಬಿಡಬೇಕು. ಆ ಶಾಸನವನ್ನು ಅಣೆಕಟ್ಟಿನ ಪ್ರವೇಶದ ಬಳಿ ನಿಲ್ಲಿಸಲಾಯಿತು. ಟಿಪ್ಪು 1799ರಲ್ಲಿ ಮಡಿದ, ಕಟ್ಟೆ ಏಳಲಿಲ್ಲ. ಇಂದಿನ ಅಣೆಕಟ್ಟೆಯ ಕೀರ್ತಿ ಯಾರಿಗೆ ಸಲ್ಲಬೇಕೆಂದು ಈ ಶಾಸನವನ್ನು ಮುಂದಿಟ್ಟುಕೊಂಡು ಆಗಾಗ ಜಗಳಗಳು ನಡೆಯುತ್ತವೆ. ಯೋಚನೆ ಹಳೆಯದು, ಕಟ್ಟಡ ಹೊಸದು ಎಂದುಕೊಂಡರೆ ಜಗಳಕ್ಕೆ ಕಾರಣವೇ ಇರುವುದಿಲ್ಲ.

ಚಿನ್ನದ ಗಣಿಗಾಗಿ ಒಂದು ಸರೋವರ

ಕನ್ನಂಬಾಡಿ ಕಟ್ಟೆಯನ್ನು ರೈತರಿಗಾಗಿಯೇ ಕಟ್ಟಿದ್ದೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಸತ್ಯ. ಈ ಸರೋವರದ ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿ.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಆರಂಭವಾಗಿ ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರಕ್ಕೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಜಗತ್ತಿನಲ್ಲೇ ಅಪರೂಪ. ಗಣಿಗಳ ಹಸಿವು ಬೆಳೆಯಿತು. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳಿಗೆ ಸಾಕಷ್ಟು ನೀರು ಸಿಗುತ್ತಿರಲಿಲ್ಲ. ಮಳೆಗಾಲದ ನೀರನ್ನು ಮೇಲೆಲ್ಲೋ ಹಿಡಿದಿಟ್ಟು ವರ್ಷವಿಡೀ ಒಂದೇ ಸಮನೆ ಬಿಡಬೇಕು. ಜೊತೆಗೆ ಮಳೆ ಕಡಿಮೆಯಾದ ಮಂಡ್ಯ, ಮಳವಳ್ಳಿ ಸೀಮೆಯ ಬಯಲಿಗೆ ನಾಲೆ ತೆಗೆಯಬೇಕು. ವಿದ್ಯುತ್ತಿನ ಹಣ ನೀರಾವರಿಯ ಖರ್ಚನ್ನು ಹೊರಬೇಕು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರ ಯೋಜನೆಯ ತಿರುಳು ಇದು.

ಖಜಾನೆ ನೋಡಿಕೊಳ್ಳುವವರು ಒಪ್ಪಲಿಲ್ಲ. ಇಷ್ಟೊಂದು ವಿದ್ಯುತ್ತನ್ನು ಕೊಳ್ಳುವವರಾರು ಎಂಬುದು ಅವರ ಪ್ರಶ್ನೆ. ಇಂದು ನಗು ಬರಿಸುವ ಪ್ರಶ್ನೆ, ಅಂದಿಗೆ ನ್ಯಾಯವಾದದ್ದೇ. ವಿಶ್ವೇಶ್ವರಯ್ಯ ದಿವಾನ್ ಟಿ. ಆನಂದರಾಯರನ್ನೂ, ಆಗ ಅರಮನೆಯ ಸೇವೆಯಲ್ಲಿದ್ದ ಮಿರ್ಜಾ ಇಸ್ಮಾಯಿಲ್ಲರನ್ನೂ ಹಿಡಿದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಮನವೊಲಿಸಿದರು. 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಯ ಯೋಜನೆಗೆ ಮಹಾರಾಜರ ಆಜ್ಞೆ ಹೊರಬಿತ್ತು. ಮರುತಿಂಗಳೇ ಕೆಲಸ ಶುರು.

ಆಮೇಲೆ ಬಂದದ್ದು ಮದರಾಸಿನ ತಕರಾರು. 1892ರ ಒಪ್ಪಂದದಂತೆ ಮೈಸೂರು ಹೊಸ ಜಲಾಶಯ ಕಟ್ಟಲು ಮದರಾಸಿನ ಸಮ್ಮತಿ ಪಡೆಯಬೇಕಿತ್ತು. ಮೆಟ್ಟೂರಿನಲ್ಲಿ ತನ್ನದೇ ಕಟ್ಟೆ ಕಟ್ಟಬೇಕೆಂದಿದ್ದ ಮದರಾಸು ಸುಮ್ಮನಿರುತ್ತದೆಯೆ? ಮೈಸೂರು ಕೇಳಿದ್ದು 41.5 ಟಿಎಂಸಿ ನೀರು ಹಿಡಿಯುವ ಅಣೆ, ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿಗೆ. ವಿಶ್ವೇಶ್ವರಯ್ಯ ಒಂದು ಜಾಣತನ ಮಾಡಿದರು. ಒಪ್ಪಿಗೆ ಸಣ್ಣ ಕಟ್ಟೆಗೇ ಇದ್ದರೂ ಅಡಿಪಾಯವನ್ನು ದೊಡ್ಡ ಕಟ್ಟೆಗೆ ಬೇಕಾದಷ್ಟು ಅಗಲಕ್ಕೆ ಹಾಕಿಸಿದರು. ಜಗಳ ಪಂಚಾಯಿತಿಗೆ ಹೋಗಿ, 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ ತೀರ್ಪು ಕೊಟ್ಟು, ಅದರ ಮೇಲೂ ಮದರಾಸು ದೂರು ಒಯ್ದು, ಕೊನೆಗೆ 1924ರ ಫೆಬ್ರುವರಿ 18ರಂದು ಒಪ್ಪಂದವಾಯಿತು. ಇತ್ತ ಕೃಷ್ಣರಾಜಸಾಗರ ಪೂರ್ಣಗೊಂಡರೆ, ಅತ್ತ 1934ರಲ್ಲಿ ಅದರ ಹೆಚ್ಚುಕಡಮೆ ಇಮ್ಮಡಿ ನೀರು ಹಿಡಿಯುವ ಮೆಟ್ಟೂರು ಜಲಾಶಯ ಮುಗಿಯಿತು. ಆ ಒಪ್ಪಂದದ ಬಾಲ ಇಂದಿನವರೆಗೂ ಬೆಳೆದಿರುವುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ಕೂಲಿಗಳ ಬೀಡು

ಈ ಊರು ಹುಟ್ಟಿದ್ದು ವಿಹಾರಕ್ಕಲ್ಲ. ನದಿಯ ದಂಡೆಯಲ್ಲಿ ಹತ್ತು ಸಾವಿರ ಕೂಲಿಗಳು ದುಡಿಯುತ್ತಿದ್ದರೆಂದು ಲೆಕ್ಕ. ಕಲ್ಲು ಒಡೆಯುವವರು, ಗಾರೆ ಕಲಸುವವರು, ಗಾಡಿ ಹೊಡೆಯುವವರು, ಓವರ್‌ಸಿಯರರು, ಗುಮಾಸ್ತರು. ಇಷ್ಟು ಜನರ ಬೀಡು ಎಂದಮೇಲೆ ಗುಡಿಸಲು, ಅಂಗಡಿ, ಆಸ್ಪತ್ರೆ ಎಲ್ಲವೂ ಬೇಕು. ಸಿಮೆಂಟನ್ನು ಹಡಗಿನಲ್ಲಿ ತರಿಸಬೇಕಿದ್ದ ಕಾಲವದು. ಅಷ್ಟು ದುಡ್ಡಿರಲಿಲ್ಲ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿ ಅರೆದ ಸುರ್ಕಿ ಗಾರೆಯಿಂದಲೇ ಕಲ್ಲನ್ನು ಕೂಡಿಸಿದರು. ಹೀಗೆ ಎದ್ದದ್ದು ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರದ ಗೋಡೆ. ತೊಂಬತ್ತು ಮಳೆಗಾಲಗಳ ನೀರಿನ ಭಾರವನ್ನು ಇಂದಿಗೂ ತಡೆದು ನಿಂತಿರುವುದು ಆ ಗಾರೆಯೇ.

ಇಲ್ಲೊಂದು ಮಾತು ಹೇಳಲೇಬೇಕು. ಕಟ್ಟೆಯೆಂದರೆ ವಿಶ್ವೇಶ್ವರಯ್ಯ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. 1912ರಲ್ಲಿ ದಿವಾನರಾದ ಅವರು 1918ರಲ್ಲೇ ಆ ಹುದ್ದೆ ಬಿಟ್ಟಿದ್ದರು. ಕಟ್ಟೆ ಮುಗಿದದ್ದು 1931-32ರ ವೇಳೆಗೆ. ನಡುವಿನ ಹದಿಮೂರು ಹದಿನಾಲ್ಕು ವರ್ಷ ಬಿಸಿಲು ಮಳೆಯೆನ್ನದೆ ಅಲ್ಲಿ ನಿಂತು ಕೆಲಸ ತೆಗೆದ ಎಂಜಿನಿಯರುಗಳು, ಮೇಸ್ತ್ರಿಗಳು, ಕೂಲಿಗಳ ಹೆಸರನ್ನು ಪ್ರವಾಸಿಗರಲ್ಲಿ ಎಷ್ಟು ಮಂದಿ ಬಲ್ಲರು? ಯೋಜನೆ ಒಬ್ಬರದಾಗಬಹುದು, ಇಪ್ಪತ್ತು ವರ್ಷದ ಕಟ್ಟಡ ಒಬ್ಬರದಾಗಲಾರದು.

ಗೋಡೆ ಏರಿದಂತೆ ಹಿಂದೆ ನೀರೂ ಏರಿತು. ಸುಮಾರು 130 ಚದರ ಕಿಲೋಮೀಟರ್ ನೆಲ ನೀರಿನಡಿ ಸೇರಿತು. ಕನ್ನಂಬಾಡಿಯವರು ಸ್ವಲ್ಪ ಉತ್ತರಕ್ಕೆ, ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿಕೊಂಡರು. ಅದೇ ಈಗ ಪಾಂಡವಪುರ ತಾಲ್ಲೂಕಿಗೆ ಸೇರಿದ ಹೊಸಕನ್ನಂಬಾಡಿ. ದೇವರ ಮೂರ್ತಿಯನ್ನು ಹೊಸ ಊರಿಗೆ ತಂದು ಹೊಸ ಗುಡಿಯಲ್ಲಿ ನೆಲೆಗೊಳಿಸಿದರು. ಹಳೆಯ ಗುಡಿಯ ಕಲ್ಲು ಅಲ್ಲೇ ಉಳಿಯಿತು. ಬಿಟ್ಟುಬಂದ ಮನೆ, ಮರ, ಬಾವಿಗಳಿಗೆ ಪರಿಹಾರ, ಬದಲಿ ಜಮೀನುಗಳ ಲೆಕ್ಕವೇನೋ ನಡೆಯಿತು. ಮನೆಯ ಹೊಸಿಲಿಗೆ ಯಾವ ಲೆಕ್ಕದಲ್ಲಿ ಬೆಲೆ ಕಟ್ಟುವುದು?

ದೀಪ ಹಚ್ಚಿದ ದಿವಾನ

ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಕೂಲಿಗಳ ಬೀಡು ಚದುರಿಹೋಗುವುದು ಲೋಕರೂಢಿ. ಬೆರಳೆಣಿಕೆಯ ಕ್ವಾರ್ಟರ್ಸು, ಒಂದು ಪ್ರವಾಸಿ ಬಂಗಲೆ, ಗೇಟು ಎತ್ತಿ ಇಳಿಸುವ ಸಿಬ್ಬಂದಿ, ಇಷ್ಟೇ ಉಳಿಯುತ್ತದೆ. ನಮ್ಮ ನಾಡಿನ ಎಷ್ಟೋ ಜಲಾಶಯಗಳ ಬಳಿ ಇಂದಿಗೂ ಕಾಣುವುದು ಇದೇ. ಕೃಷ್ಣರಾಜಸಾಗರ ಹಾಗಾಗದೆ ವಿಹಾರಧಾಮವಾದದ್ದಕ್ಕೆ ಕಾರಣ ಮಿರ್ಜಾ ಇಸ್ಮಾಯಿಲ್.

ಮಿರ್ಜಾ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ವಿಶ್ವೇಶ್ವರಯ್ಯನವರದು ಲೆಕ್ಕ, ಮಿರ್ಜಾರದು ಕಣ್ಣು. ಬೆಳಗಾಗೆದ್ದು ಊರು ಸುತ್ತಿ ಮೋರಿ, ಬೇಲಿ, ದೀಪದ ಕಂಬಗಳನ್ನು ಪರೀಕ್ಷಿಸುತ್ತಿದ್ದ ದಿವಾನರೆಂದು ಅವರ ಬಗ್ಗೆ ಹಳಬರು ಕಥೆ ಹೇಳುತ್ತಿದ್ದರು. ಮೈಸೂರು ಬಿಟ್ಟ ಮೇಲೆ ಜೈಪುರದ ಪ್ರಧಾನಿಯಾಗಿ ಹೋದ ಅವರು ಆ ನಗರವನ್ನೂ ಹಾಗೆಯೇ ತಿದ್ದಿದರು. ಅಲ್ಲಿನ ಒಂದು ಹೆದ್ದಾರಿಗೆ ಇಂದಿಗೂ ಅವರದೇ ಹೆಸರು.

ಅಣೆಕಟ್ಟಿನ ಬುಡದ ಕಲ್ಲುಮಣ್ಣಿನ ನೆಲದಲ್ಲಿ ಮಿರ್ಜಾ ಕಂಡದ್ದು ಕಾಶ್ಮೀರದ ಶಾಲಿಮಾರ್ ತೋಟವನ್ನು. ಮೊಗಲರ ತೋಟದ ಸೂತ್ರ ಸರಳ: ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ನಡುವೆ ನೀರು ಹರಿಸುವುದು, ಆ ನೀರಿನ ಎರಡೂ ಬದಿಗೆ ಹಸಿರನ್ನು ಸಮಸಮವಾಗಿ ಜೋಡಿಸುವುದು. ಕಾಶ್ಮೀರದಲ್ಲಿ ಬೆಟ್ಟದ ತೊರೆ ನೀರು ಕೊಡುತ್ತಿತ್ತು, ಇಲ್ಲಿ ಕೊಡಲು ಒಂದು ಸಾಗರವೇ ಗೋಡೆಯ ಹಿಂದೆ ಕಾದು ನಿಂತಿತ್ತು. ಮೇಲಿನ ನೀರಿನ ಒತ್ತಡವೇ ಕೆಳಗಿನ ಕಾರಂಜಿಗಳನ್ನು ಚಿಮ್ಮಿಸಬಲ್ಲದು.

1927ರಲ್ಲಿ ಆರಂಭಿಸಿ 1932ರ ವೇಳೆಗೆ ಮುಗಿಸಿದ ಈ ತೋಟದ ರೂಪುರೇಷೆಯಲ್ಲಿ ಕೈಯಾಡಿಸಿದವರು ಜಿ.ಎಚ್. ಕ್ರುಂಬಿಗಲ್. ಜರ್ಮನಿಯವರು, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ ಬರೋಡೆಗೆ ಬಂದು, ಅಲ್ಲಿಂದ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದವರು. ಬೆಂಗಳೂರಿನ ರಸ್ತೆಗಳಲ್ಲಿ ಋತುವಿಗೊಂದು ಬಣ್ಣದ ಹೂವು ಅರಳುವಂತೆ ಮರ ನೆಡಿಸಿದವರೂ ಅವರೇ. ಹೀಗೆ ನಮ್ಮ ಕಾವೇರಿ ದಂಡೆಯ ಬೃಂದಾವನದಲ್ಲಿ ಪರ್ಷಿಯಾದ ಮನೆತನದ ದಿವಾನರ ಕನಸು, ಕಾಶ್ಮೀರದ ನಕ್ಷೆ, ಜರ್ಮನ್ ತೋಟಗಾರನ ಕೈಗುಣ ಒಂದಾಗಿವೆ. ಮೊದಲಿಗೆ ಅದರ ಹೆಸರು ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್. ಜನರ ಬಾಯಿಗೆ ಅದು ಒಗ್ಗಲಿಲ್ಲ, ಬೃಂದಾವನ ಒಗ್ಗಿತು.

ಸುಮಾರು 60 ಎಕರೆಯ ಆ ತೋಟಕ್ಕೆ ಮಿರ್ಜಾ ಇನ್ನೊಂದು ಸೊಗಸು ಕೂಡಿಸಿದರು, ವಿದ್ಯುದ್ದೀಪ. ಬಣ್ಣಬಣ್ಣದ ಬೆಳಕು ನೀರಿನ ಹಿಂದಿನಿಂದ, ನೀರಿನೊಳಗಿನಿಂದ ಬರುವಂತೆ ಕೂಡಿಸಿದ ಏರ್ಪಾಟು. ಹಳ್ಳಿಹಳ್ಳಿಗಳಲ್ಲಿ ಇನ್ನೂ ಹರಳೆಣ್ಣೆ, ಸೀಮೆಎಣ್ಣೆಯ ಬುಡ್ಡಿ ಉರಿಯುತ್ತಿದ್ದ ಆ ಕಾಲದಲ್ಲಿ ಕತ್ತಲಾಗುತ್ತಲೇ ಒಮ್ಮೆಗೇ ಇಡೀ ತೋಟ ಹೊತ್ತಿಕೊಳ್ಳುವುದನ್ನು ನೋಡಿದವರಿಗೆ ಏನನ್ನಿಸಿರಬೇಕು! ಇದು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಸಣ್ಣ ಸಂಸ್ಥಾನವೊಂದು ತನ್ನ ಪ್ರಜೆಗಳಿಗೂ ವೈಸ್‌ರಾಯರಿಗೂ ಒಟ್ಟಿಗೆ ‘ನೋಡಿ, ನಮ್ಮ ಕೈಲಿ ಏನಾಗುತ್ತದೆ’ ಎಂದು ತೋರಿಸುತ್ತಿದ್ದ ಪರಿ ಅದು. ಅಣೆಕಟ್ಟಿನ ಮಹತ್ವವನ್ನು ಅಂಕಿಸಂಖ್ಯೆಗಳು ಹೇಳಲಾರವು, ದೀಪಗಳು ಹೇಳಿದವು.

ದೂರದವರು ತಂಗಲು ಹೋಟೆಲು ಎದ್ದಿತು. ತೋಟದ ಅಂಚಿನಲ್ಲಿ ನಿಂತು ನೋಡಿದರೆ ಒಂದು ಕಡೆ ಕಲ್ಲಿನ ಗೋಡೆ, ಕೆಳಗೆ ಕಾರಂಜಿಗಳ ಸಾಲು. ಸಾಹೇಬರಿಗೂ ಜಮೀನ್ದಾರರಿಗೂ ಹೇಳಿ ಮಾಡಿಸಿದ ಜಾಗ. ಉಳಿದವರು ಬುತ್ತಿ ಕಟ್ಟಿಕೊಂಡು ಬಂದರು. ಹೋಟೆಲಿನವರಿಗಿಂತ ಬುತ್ತಿಯವರೇ ಈ ಊರನ್ನು ಸಾಕಿದವರೆಂದು ನನ್ನ ಅನಿಸಿಕೆ.

ಚಿತ್ರಾನ್ನ, ಮೊಸರನ್ನ, ಸಂಜೆ ಏಳು ಗಂಟೆ

ಬೆಂಗಳೂರಿನಿಂದ ಮೈಸೂರು ಪ್ರವಾಸವೆಂದರೆ ಅದಕ್ಕೊಂದು ಬರೆಯದ ಕ್ರಮವಿತ್ತು. ಕೋಳಿ ಕೂಗುವ ಹೊತ್ತಿಗೆ ಬಸ್ಸು ಹತ್ತುವುದು. ಶ್ರೀರಂಗಪಟ್ಟಣದಲ್ಲಿ ರಂಗನಾಥ, ಟಿಪ್ಪುವಿನ ಬೇಸಗೆ ಅರಮನೆ. ಮೈಸೂರಿನಲ್ಲಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ. ಎಲ್ಲ ಮುಗಿಸಿ ಕಾಲು ಸೋತು, ಮಕ್ಕಳು ರಚ್ಚೆ ಹಿಡಿಯುವ ಹೊತ್ತಿಗೆ ಸರಿಯಾಗಿ ಬೃಂದಾವನ. ಹುಲ್ಲಿನ ಮೇಲೆ ಜಮಖಾನ ಹಾಸಿ, ಬೆಳಿಗ್ಗೆ ಕಟ್ಟಿದ ಚಿತ್ರಾನ್ನ, ಮೊಸರನ್ನದ ಉಳಿಕೆಯನ್ನು ಮುಗಿಸಿ, ದೀಪ ಹತ್ತುವುದನ್ನೇ ಕಾಯುವುದು. ದೀಪ ಹತ್ತಿದಾಗ ಸಾವಿರಾರು ಜನ ಒಟ್ಟಿಗೆ ‘ಹೋ’ ಎನ್ನುವ ಆ ಸದ್ದನ್ನು ಕೇಳಿದವರು ಮರೆಯಲಾರರು. ಉತ್ತರಹಳ್ಳಿ ಕಡೆಯ ಎಷ್ಟು ಮನೆಗಳ ಆಲ್ಬಮ್ಮಿನಲ್ಲಿ ಕಾರಂಜಿಯ ಮುಂದೆ ಕಣ್ಣು ಕಿರಿದು ಮಾಡಿ ನಿಂತ ಒಂದು ಫೋಟೋ ಇಲ್ಲ ಹೇಳಿ?

ಸಿನಿಮಾದವರೂ ಬಂದರು. ಕನ್ನಡ, ತಮಿಳು, ಹಿಂದಿ ಚಿತ್ರಗಳ ನಾಯಕ ನಾಯಕಿಯರು ಇಲ್ಲಿನ ಮೆಟ್ಟಿಲುಗಳ ಮೇಲೆ ಓಡಿದರು. ಆಮೇಲೆ ಸಂಗೀತಕ್ಕೆ ತಕ್ಕಂತೆ ಕುಣಿಯುವ ಕಾರಂಜಿ ಬಂತು. ದಕ್ಷಿಣ ತೋಟದಿಂದ ಉತ್ತರ ತೋಟಕ್ಕೆ ದೋಣಿ ಬಂತು. ವರ್ಷಕ್ಕೆ ಇಪ್ಪತ್ತು ಲಕ್ಷದಷ್ಟು ಜನ ಬರುತ್ತಾರೆಂಬ ಅಂದಾಜಿದೆ. ಊರಿನ ಬದುಕು ಅದಕ್ಕೆ ತಕ್ಕಂತೆ ಹೊಂದಿಕೊಂಡಿತು. ಹಗಲು ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ, ನೀರಾವರಿ ಇಲಾಖೆಯ ಕಚೇರಿ ಊರು; ಸಂಜೆ ಕಡಲೆಕಾಯಿ, ಹುರಿದ ಮೀನು, ಮುಸುಕಿನ ಜೋಳದ ಊರು. ರಾತ್ರಿ ಕೊನೆಯ ಬಸ್ಸು ಹೊರಟ ಮೇಲೆ ಮತ್ತೆ ನೀರಿನ ಸದ್ದೊಂದೇ.

ಇಷ್ಟರಲ್ಲಿ ಕಟ್ಟೆ ತನ್ನ ನಿಜವಾದ ಕೆಲಸವನ್ನು ಬೇರೆ ಕಡೆ ಮಾಡುತ್ತಿತ್ತು. ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಹುಲಿಕೆರೆಯ ಸುರಂಗ ದಾಟಿ ಮಂಡ್ಯದ ಬಯಲಿಗೆ ನೀರು ಒಯ್ದಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು, ಭತ್ತ ಬಂದವು. ಮೊದಮೊದಲು ನಾಲೆಯ ಜೊತೆಗೆ ಮಲೇರಿಯಾ ಕೂಡ ಬಂತೆಂಬುದನ್ನು ಮರೆಯಬಾರದು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಎದ್ದಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಬೃಂದಾವನದ ಹುಲ್ಲಿನ ಮೇಲೆ ಕೂತವರಿಗೆ ಕಾಣದ ಈ ಇನ್ನೊಂದು ತೋಟ ಲಕ್ಷ ಎಕರೆಗೂ ಮಿಗಿಲು.

ಮೇಲೆದ್ದ ಗುಡಿ

ಕೆರೆಕಟ್ಟೆಗಳ ವಿಚಿತ್ರವೆಂದರೆ ಅವು ಮುಚ್ಚಿಟ್ಟದ್ದನ್ನು ಬರಗಾಲದಲ್ಲಿ ತೆರೆದು ತೋರಿಸುತ್ತವೆ. ನೀರು ಬಹಳ ಇಳಿದ ವರ್ಷಗಳಲ್ಲಿ ಕನ್ನಂಬಾಡಿಯ ಗುಡಿ ತಲೆಯೆತ್ತುತ್ತಿತ್ತು. ಹಿನ್ನೀರಿನ ಕೆಸರು ದಾಟಿ ಜನ ನೋಡಲು ಹೋಗುತ್ತಿದ್ದರು. ಅಜ್ಜಂದಿರ ಊರು ಹೇಗಿತ್ತೆಂದು ಮೊಮ್ಮಕ್ಕಳಿಗೆ ಕೈ ತೋರಿಸಿ ಹೇಳುವ ಅವಕಾಶ ಅದೊಂದೇ. ಹೀಗಾಗಿ ರೈತರಿಗೆ ದುರ್ದಿನವಾದದ್ದು ನೆನಪಿಗೆ ಸುದಿನವಾಗುತ್ತಿತ್ತು.

2000ದ ಆಸುಪಾಸಿನಲ್ಲಿ ಗುಡಿ ಹೀಗೆ ಪೂರ್ತಿಯಾಗಿ ಹೊರಬಂದಾಗ ಅದನ್ನು ಮೇಲಕ್ಕೆ ಸಾಗಿಸುವ ಯೋಚನೆ ಗಟ್ಟಿಯಾಯಿತು. ಉದ್ಯಮಿ ಹರಿ ಖೋಡೆಯವರ ಪ್ರತಿಷ್ಠಾನ ಆ ಹೊಣೆ ಹೊತ್ತಿತು. ಒಂದೊಂದು ಕಲ್ಲಿಗೂ ಗುರುತು ಹಾಕಿ, ಚಿತ್ರ ತೆಗೆದು, ಬಿಚ್ಚಿ, ಹೊಸಕನ್ನಂಬಾಡಿಯ ಬಳಿ ಹಿನ್ನೀರಿನ ದಡಕ್ಕೆ ತಂದು, ಇದ್ದ ಹಾಗೆಯೇ ಮತ್ತೆ ಜೋಡಿಸುವ ಕೆಲಸ. ಸಾವಿರಾರು ಕಲ್ಲುಗಳು. 2011ರ ಹೊತ್ತಿಗೆ ವೇಣುಗೋಪಾಲನ ಗುಡಿ ಬಿಸಿಲು ಕಂಡಿತು. ಅಸ್ವಾನ್ ಅಣೆಕಟ್ಟಿನ ನೀರಿನಿಂದ ಈಜಿಪ್ಟಿನ ಅಬು ಸಿಂಬೆಲ್ ದೇಗುಲವನ್ನು 1960ರ ದಶಕದಲ್ಲಿ ಮೇಲಕ್ಕೆ ಸಾಗಿಸಿದ ಸಾಹಸ ಜಗತ್ಪ್ರಸಿದ್ಧ. ಅಲ್ಲಿ ಯುನೆಸ್ಕೋ ಇತ್ತು, ಹಲವು ದೇಶಗಳ ಹಣವಿತ್ತು, ದೇಗುಲವೂ ಮುಳುಗುವ ಮುನ್ನವೇ ಮೇಲೇರಿತು. ನಮ್ಮದು ಎಪ್ಪತ್ತು ವರ್ಷ ನೀರು ಕುಡಿದ ಮೇಲೆ ಎದ್ದು ಬಂದದ್ದು. ಶುದ್ಧ ಪುರಾತತ್ತ್ವದ ಕಣ್ಣಿಗೆ ಹೀಗೆ ಜೋಡಿಸಿದ ಕಟ್ಟಡ ಹಳೆಯದೋ ಹೊಸದೋ ಎಂಬ ಸಂದೇಹ ಬರಬಹುದು. ಅಲ್ಲಿ ಭಾನುವಾರ ಬಂದು ನಿಲ್ಲುವ ಜನಕ್ಕೆ ಆ ಸಂದೇಹವಿಲ್ಲ.

ಹೀಗೆ ಈಗ ಒಂದೇ ಸರೋವರಕ್ಕೆ ಎರಡು ವಿಹಾರದ ಊರುಗಳು. ಕಟ್ಟೆಯ ಕೆಳಗೆ ಟಿಕೇಟು, ದೀಪ, ಕಾರಂಜಿಯ ಬೃಂದಾವನ. ಕಟ್ಟೆಯ ಹಿಂದೆ ಹಿನ್ನೀರಿನ ಗಾಳಿ, ಕಲ್ಲಿನ ಗುಡಿಯ ಹೊಸಕನ್ನಂಬಾಡಿ. ಮೊದಲನೆಯದನ್ನು ದಿವಾನರು ಬೇಕೆಂದು ಕಟ್ಟಿದರು. ಎರಡನೆಯದನ್ನು ಯಾರೂ ಹಾಗೆ ಯೋಜಿಸಲಿಲ್ಲ.

ಯಾರ ಕಟ್ಟೆ?

ವಿಹಾರದ ಊರಾದರೂ ಇಲ್ಲಿಗೆ ಬರುವವರೆಲ್ಲ ವಿಹಾರಕ್ಕೆ ಬರುವುದಿಲ್ಲ. ಕಾವೇರಿ ನೀರಿನ ವಿವಾದ ಭುಗಿಲೆದ್ದಾಗಲೆಲ್ಲ ರೈತರ ಮೆರವಣಿಗೆ ನಡೆಯುವುದು ಇದೇ ಕಟ್ಟೆಯ ಕಡೆಗೆ. 2002, 2012, 2016, 2023, ಹೀಗೆ ಮಳೆ ಕೈಕೊಟ್ಟ ವರ್ಷಗಳ ಪಟ್ಟಿಯನ್ನು ಈ ಊರಿನ ಬಂದೋಬಸ್ತಿನ ಪಟ್ಟಿ ನೋಡಿಯೇ ಹೇಳಬಹುದು. ಅಂಥ ದಿನಗಳಲ್ಲಿ ನಿಷೇಧಾಜ್ಞೆ ಜಾರಿಯಾಗುತ್ತದೆ, ತೋಟದ ಬಾಗಿಲು ಹಾಕುತ್ತಾರೆ, ಕಡಲೆಕಾಯಿಯವನ ವ್ಯಾಪಾರ ನಿಲ್ಲುತ್ತದೆ. ಒಮ್ಮೆ, 2022ರ ನವೆಂಬರಿನಲ್ಲಿ, ಬಾಗಿಲು ಹಾಕಿಸಿದ್ದು ಒಂದು ಚಿರತೆ. ತೋಟದಲ್ಲಿ ಪದೇ ಪದೇ ಕಾಣಿಸಿಕೊಂಡು ಸುಮಾರು ತಿಂಗಳ ಕಾಲ ಪ್ರವಾಸಿಗರನ್ನು ಹೊರಗಿಟ್ಟಿತು.

ಗೋಡೆಯ ಕ್ಷೇಮದ ಚಿಂತೆ ಇನ್ನೊಂದು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳಲ್ಲಿ ಸಿಡಿಮದ್ದು ಸಿಡಿದಾಗ ಸುರ್ಕಿ ಗಾರೆಯ ಹಳೆಯ ಕಟ್ಟೆಗೆ ಪೆಟ್ಟಾಗುವುದೇ ಎಂಬ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿತು. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ, ಸ್ಫೋಟಗಳನ್ನು ತಡೆಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿಯವರ ಸಹಭಾಗಿತ್ವದಲ್ಲಿ ಬೃಂದಾವನವನ್ನು ವಿಶ್ವದರ್ಜೆಗೆ ಏರಿಸಲು 2,663 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1911ರ 81 ಲಕ್ಷದ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿದರೆ ತಲೆ ತಿರುಗುತ್ತದೆ. ರೂಪಾಯಿಯ ಬೆಲೆ ಬೇರೆ ಎನ್ನುವುದು ನಿಜ, ಆದರೂ.

2025ರಲ್ಲಿ ಮಂಡ್ಯದ ರೈತ ಸಂಘಟನೆಗಳು ಈ ಅಮ್ಯೂಸ್‌ಮೆಂಟ್ ಪಾರ್ಕಿನ ಯೋಜನೆಯನ್ನೂ, ಗಂಗಾರತಿಯ ಮಾದರಿಯಲ್ಲಿ ಸರ್ಕಾರ ಯೋಜಿಸಿದ ಕಾವೇರಿ ಆರತಿಯನ್ನೂ ವಿರೋಧಿಸಿ ಬೀದಿಗಿಳಿದವು. ಕಟ್ಟೆಯ ಬುಡದಲ್ಲಿ ಅಷ್ಟು ಜನ, ಅಷ್ಟು ಕಟ್ಟಡ ಬೇಡ. ಆ ಹಣದಲ್ಲಿ ನಾಲೆ ದುರಸ್ತಿ ಮಾಡಿ, ಕೊನೆಯ ಭಾಗದ ಗದ್ದೆಗೆ ನೀರು ಮುಟ್ಟಿಸಿ ಎಂಬುದು ಅವರ ವಾದ. ಪ್ರವಾಸ ಬೆಳೆದರೆ ಸ್ಥಳೀಯರಿಗೇ ಉದ್ಯೋಗ ಎಂಬುದು ಇನ್ನೊಂದು ಕಡೆಯ ವಾದ. ಇದನ್ನು ಹೊಸ ಜಗಳವೆಂದು ಕೆಲವರು ತಿಳಿದಿದ್ದಾರೆ. ವಿಶ್ವೇಶ್ವರಯ್ಯನವರ ಲೆಕ್ಕಕ್ಕೂ ಮಿರ್ಜಾರ ದೀಪಕ್ಕೂ ನಡುವೆ ಎಂಬತ್ತು ತೊಂಬತ್ತು ವರ್ಷಗಳಿಂದ ಅಡಗಿದ್ದ ಮಾತು ಈಗ ಬಾಯಿ ಬಿಟ್ಟಿದೆ ಎಂದು ನನಗೆ ಕಾಣುತ್ತದೆ. ಮಿರ್ಜಾರ ಕಾಲದಲ್ಲಿ ತೋಟ ಕಟ್ಟೆಯ ಅಲಂಕಾರವಾಗಿತ್ತು. ಕಟ್ಟೆಯೇ ತೋಟದ ಹಿನ್ನೆಲೆಯ ಪರದೆಯಾಗುವುದನ್ನು ಅವರೂ ಒಪ್ಪುತ್ತಿದ್ದರೆಂದು ಹೇಳುವುದು ಕಷ್ಟ.

2025ರ ಜೂನ್ ತಿಂಗಳಲ್ಲೇ ಜಲಾಶಯ ತುಂಬಿತು. ಕಟ್ಟಿದ ಮೇಲೆ ಜೂನಿನಲ್ಲಿ ತುಂಬಿದ್ದು ಅದೇ ಮೊದಲು. ತಿಂಗಳ 30ರಂದು ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನ ಬಿಟ್ಟರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಾಳೆಹಣ್ಣು. ಕಟ್ಟೆಯ ಕೆಳಗೆ ಗೇಟುಗಳು ತೆರೆದು ಹಾಲಿನಂಥ ನೀರು ಧುಮುಕುವುದನ್ನು ನೋಡಲು ಬೆಂಗಳೂರಿನಿಂದ ಕಾರುಗಳ ಸಾಲು. ನೀರು ಹಾಗೆ ತುಂಬಿ ನಿಂತಾಗ ಅತ್ತ ಹೊಸಕನ್ನಂಬಾಡಿಯಲ್ಲಿ ಹಿನ್ನೀರು ವೇಣುಗೋಪಾಲನ ಗುಡಿಯ ಹೊರಗೋಡೆಯವರೆಗೂ ಬರುತ್ತದೆ. ಹಳೆಯ ಊರು ಅಲ್ಲಿಂದ ಅಷ್ಟು ದೂರದಲ್ಲೇನೂ ಇಲ್ಲ. ದಡದಲ್ಲಿ ನಿಂತ ಊರಿನವರನ್ನು ಕೇಳಿದರೆ ‘ಅಗೋ, ಅಲ್ಲಿ’ ಎಂದು ನೀರಿನ ಮೇಲೆ ಬೆರಳು ತೋರಿಸುತ್ತಾರೆ.